ವಿಮೆ ನಿರಾಕರಣೆಯಲ್ಲಿ ಯಂತ್ರದ ಪಾತ್ರ: ನಿಯಮ ರೂಪಿಸುವುದು ಹೇಗೆ?

ಆರೋಗ್ಯ ವಿಮೆಯಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಗೆ ನಿಯಮ ಬರೆಯಲು ಹೊರಟವರು, ಯಂತ್ರವು ಯಾವ ಹಂತದಲ್ಲಿ ಏನು ಮಾಡುತ್ತದೆ ಎಂಬುದನ್ನು ಮೊದಲು ಬಿಡಿಸಿ ನೋಡಬೇಕು. ಪ್ರೀಮಿಯಂ ನಿಗದಿ, ಚಿಕಿತ್ಸೆಗೆ ಪೂರ್ವಾನುಮತಿ, ಕ್ಲೇಮುಗಳ ಪರಿಶೀಲನೆ, ವಂಚನೆಯ ಪತ್ತೆ ಇವೆಲ್ಲಕ್ಕೂ ಒಂದೇ ಅಳತೆ ಸಲ್ಲದು. ಐರೋಪ್ಯ ಒಕ್ಕೂಟದ 2024ರ ಕಾಯ್ದೆಯು ಜೀವ ವಿಮೆ ಮತ್ತು ಆರೋಗ್ಯ ವಿಮೆಯಲ್ಲಿ ವ್ಯಕ್ತಿಯ ಅಪಾಯವನ್ನು ಅಂದಾಜಿಸಿ ದರ ಕಟ್ಟುವ ವ್ಯವಸ್ಥೆಗಳನ್ನು ‘ಹೆಚ್ಚು ಅಪಾಯ’ದ ವರ್ಗಕ್ಕೆ ಸೇರಿಸಿದೆ. ಅರ್ಜಿಗಳನ್ನು ವಿಂಗಡಿಸುವುದಷ್ಟನ್ನೇ ಮಾಡುವ ತಂತ್ರಾಂಶಕ್ಕೆ ಅಷ್ಟು ಬಿಗಿ ಬೇಕಿಲ್ಲ.

ಆಮೇಲಿನ ಪ್ರಶ್ನೆ, ‘ಈ ಚಿಕಿತ್ಸೆ ಅಗತ್ಯವಿಲ್ಲ’ ಎಂದು ಹೇಳುವ ಅಧಿಕಾರ ಯಾರದು ಎಂಬುದು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ವೈದ್ಯಕೀಯ ಅಗತ್ಯದ ಆಧಾರದ ಮೇಲೆ ಚಿಕಿತ್ಸೆಯನ್ನು ನಿರಾಕರಿಸುವ, ತಡೆಹಿಡಿಯುವ ಅಥವಾ ಮಾರ್ಪಡಿಸುವ ತೀರ್ಮಾನವನ್ನು ಆ ಕಾಯಿಲೆಯನ್ನು ಬಲ್ಲ, ಪರವಾನಗಿ ಪಡೆದ ವೈದ್ಯರು ಅಥವಾ ಆರೋಗ್ಯ ವೃತ್ತಿಪರರೇ ಕೈಗೊಳ್ಳಬೇಕು. ತಂತ್ರಾಂಶವೂ ಗುಂಪಿನ ಅಂಕಿಅಂಶವೊಂದನ್ನೇ ನೆಚ್ಚದೆ ಆ ರೋಗಿಯ ವೈದ್ಯಕೀಯ ದಾಖಲೆಗಳನ್ನು ಆಧರಿಸಬೇಕು.

ಆದರೆ ಇಷ್ಟಕ್ಕೇ ನಿಂತರೆ ನಿಯಮ ಸೋಲುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಯಂತ್ರ ಬರೆದಿಟ್ಟ ನಿರಾಕರಣೆಗೆ ಕಡತವನ್ನೇ ತೆರೆಯದೆ ಸಹಿ ಹಾಕುವ ವೈದ್ಯರಿಂದ ರೋಗಿಗೆ ಯಾವ ರಕ್ಷಣೆಯೂ ದೊರೆಯದು. ಆದ್ದರಿಂದ ವೈದ್ಯರು ಕಡತವನ್ನು ಎಷ್ಟು ಹೊತ್ತು ನೋಡಿದರು, ಯಾವ ವರದಿಗಳನ್ನು ಓದಿದರು, ಯಂತ್ರದ ಶಿಫಾರಸನ್ನು ಎಷ್ಟು ಬಾರಿ ತಳ್ಳಿಹಾಕಿದರು ಎಂಬುದು ತಾನಾಗಿ ದಾಖಲಾಗಬೇಕು, ಆ ದಾಖಲೆ ನಿಯಂತ್ರಕರ ಕೈಗೆ ಸಿಗಬೇಕು. ಒಮ್ಮೆಯೂ ಯಂತ್ರದ ಮಾತನ್ನು ಮೀರದ ಪರಿಶೀಲಕರಿದ್ದರೆ ಲೆಕ್ಕಪರಿಶೋಧನೆ ಅಲ್ಲಿಂದಲೇ ಆರಂಭವಾಗಲಿ. ಅವರ ಸಂಭಾವನೆಗೂ ನಿರಾಕರಣೆಗಳ ಸಂಖ್ಯೆಗೂ ನಂಟಿರಕೂಡದು.

ಪಕ್ಷಪಾತದ ಪರೀಕ್ಷೆಯನ್ನು ಬಳಕೆಗೆ ಮೊದಲೂ, ಬಳಕೆಯ ಉದ್ದಕ್ಕೂ ನಡೆಸಬೇಕು. ಅಮೆರಿಕದಲ್ಲಿ ಹೆಚ್ಚಿನ ಆರೈಕೆ ಬೇಕಾದವರನ್ನು ಗುರುತಿಸುತ್ತಿದ್ದ ತಂತ್ರಾಂಶವೊಂದು ಕಾಯಿಲೆಯ ತೀವ್ರತೆಯನ್ನು ಚಿಕಿತ್ಸೆಯ ಖರ್ಚಿನಿಂದ ಅಳೆಯುತ್ತಿತ್ತು. ಕಪ್ಪುವರ್ಣೀಯರಿಗೆ ಮೊದಲಿನಿಂದಲೂ ಕಡಿಮೆ ಖರ್ಚು ಮಾಡಲಾಗುತ್ತಿದ್ದುದರಿಂದ ಅವರು ಕಡಿಮೆ ಕಾಯಿಲೆಯವರಂತೆ ಕಂಡರು. ಈ ದೋಷ ನೀಗಿದರೆ, ಆರೈಕೆಗೆ ಆಯ್ಕೆಯಾಗುವವರಲ್ಲಿ ಅವರ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತದೆಂದು 2019ರ ಅಧ್ಯಯನ ತೋರಿಸಿತು. ಜನಾಂಗದ ಮಾಹಿತಿಯನ್ನು ಯಂತ್ರಕ್ಕೆ ಕೊಟ್ಟೇ ಇರಲಿಲ್ಲ. ಆದ್ದರಿಂದ ಒಳಹೋಗುವ ಮಾಹಿತಿಯ ಜೊತೆಗೆ ಹೊರಬರುವ ಫಲಿತಾಂಶವನ್ನೂ ಗುಂಪುವಾರು ಪರೀಕ್ಷಿಸುವುದು ಕಡ್ಡಾಯವಾಗಬೇಕು.

ಕೊನೆಯದು ಪಾಲಿಸಿದಾರರಿಗೆ ಹೋಗುವ ಪತ್ರ. ತಂತ್ರಾಂಶ ಬಳಸಿದ್ದೇವೆ ಎಂಬುದನ್ನೂ, ನಿರಾಕರಣೆಗೆ ಕಾರಣವಾದ ಷರತ್ತನ್ನೂ, ಪರಿಶೀಲಿಸಿದವರ ಹೆಸರು ಮತ್ತು ಅರ್ಹತೆಯನ್ನೂ ಅದು ಸರಳ ಭಾಷೆಯಲ್ಲಿ ತಿಳಿಸಬೇಕು. ಮೇಲ್ಮನವಿಯನ್ನು ಮೊದಲ ತೀರ್ಮಾನದಲ್ಲಿ ಭಾಗಿಯಾಗದ ವೈದ್ಯರೇ ಆಲಿಸಬೇಕು. ಅದು ಇತ್ಯರ್ಥವಾಗುವವರೆಗೆ, ಈಗಾಗಲೇ ನಡೆಯುತ್ತಿರುವ ಚಿಕಿತ್ಸೆಯ ಖರ್ಚನ್ನು ವಿಮಾ ಸಂಸ್ಥೆ ನಿಲ್ಲಿಸುವಂತಿರಬಾರದು.