ಆಟ ಬಿಡದೆ ವಿಂಡೋಸ್ ಬಿಡುವುದು ಹೇಗೆ: ನಾಪೋಕ್ಲುವಿನಿಂದ ಒಂದು ದಾರಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಮೂರು ದಿನ ಕಳೆದು ತಲಕಾವೇರಿಯಲ್ಲಿ ತೀರ್ಥೋದ್ಭವ. ತೀರ್ಥ ತೆಗೆದುಕೊಂಡು ಸಂಜೆ ನಮ್ಮ ಮನೆಗೆ ಬಂದ ನೆಂಟರಲ್ಲಿ ಮೂವರು ಕಾಫಿ ಕುಡಿಯುತ್ತಲೇ ಕೇಳಿದ್ದು ಒಂದೇ ಪ್ರಶ್ನೆ: ಮನೆಯಲ್ಲಿರುವ ಹಳೆಯ ಕಂಪ್ಯೂಟರನ್ನು ಇನ್ನು ಏನು ಮಾಡುವುದು? ನನ್ನದೂ ಅದೇ ಪಾಡು. ಒಳ್ಳೆಮೆಣಸು ಮಾರಿದ ಹಣದಲ್ಲಿ 2017ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್ ಅದು. ಇಂಟೆಲ್‌ನ ಏಳನೆಯ ತಲೆಮಾರಿನ ಐ5, ಎನ್‌ವಿಡಿಯಾ ಜಿಟಿಎಕ್ಸ್ 1060. ವಿಂಡೋಸ್ 11 ಕೇಳುವುದು ಎಂಟನೆಯ ತಲೆಮಾರು. ಆಟವನ್ನು ಸಲೀಸಾಗಿ ಆಡಿಸುತ್ತಿದ್ದ ಯಂತ್ರ ಒಂದೇ ಒಂದು ತಲೆಮಾರಿನ ಅಂತರದಲ್ಲಿ ಪಂಕ್ತಿಯಿಂದ ಎಬ್ಬಿಸಿಕೊಂಡಿತು.

ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಹಾಕಿದೆ. ಆಟಗಳ ಸಮೇತ ಅದಕ್ಕೆ ದಾಟಿದ ದಾರಿ ಇದು.

ಅವಸರ ಬೇಡ. ಭದ್ರತಾ ನವೀಕರಣವನ್ನು ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ಪಡೆಯಲು ನೋಂದಾಯಿಸಿಕೊಳ್ಳುವ ಅವಕಾಶವನ್ನು ಮೈಕ್ರೋಸಾಫ್ಟ್ ಕೊಟ್ಟಿದೆ. ಆದರೆ ಮಳೆಗಾಲದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ನಮ್ಮ ಕಡೆ ಜುಲೈಯಲ್ಲಿ ಮರ ಬಿದ್ದರೆ ಕಂಬ ಬೀಳುತ್ತದೆ, ಕಂಬದೊಡನೆ ಫೈಬರ್ ತಂತಿಯೂ ನೆಲಕ್ಕೆ. ಕರೆಂಟ್ ಎರಡು ದಿನ ಬಾರದಿದ್ದರೆ ಮೊಬೈಲ್ ಟವರ್ ಕೂಡ ಮೌನವಾಗುತ್ತದೆ. ಲಿನಕ್ಸ್ ಕಷ್ಟ ಎಂದು ಹೇಳುವವರನ್ನು ನಾನು ಬಹಳ ಕೇಳಿದ್ದೇನೆ. ನನಗೆ ಕಷ್ಟ ಕೊಟ್ಟದ್ದು ಲಿನಕ್ಸ್ ಅಲ್ಲ, ಇಂಟರ್ನೆಟ್. ಐವತ್ತು ಜಿಬಿಯ ಆಟವೊಂದನ್ನು 10 ಎಂಬಿಪಿಎಸ್ ವೇಗದಲ್ಲಿ ಇಳಿಸಿಕೊಳ್ಳಲು, ತಂತಿ ಕಡಿಯದಿದ್ದರೆ, ಹನ್ನೊಂದು ಗಂಟೆ ಬೇಕು. ಹತ್ತು ಆಟಗಳಿದ್ದರೆ ಲೆಕ್ಕ ನೀವೇ ಹಾಕಿ. ಹಾಗಾಗಿ ಈಗಾಗಲೇ ಇಳಿಸಿಕೊಂಡ ಆಟವನ್ನು ಮತ್ತೆ ಇಳಿಸದೆ ದಾಟಿಸುವುದು ಹೇಗೆ ಎಂಬುದನ್ನೇ ಹೆಚ್ಚು ಬರೆಯುತ್ತೇನೆ. ನಾನು ಇದನ್ನು ಮಾಡಿದ್ದು ಮಳೆ ಬಿಟ್ಟ ಮೇಲೆ, ಕಾಫಿ ಕೊಯ್ಲಿಗೆ ಮುಂಚೆ ಸಿಗುವ ನವೆಂಬರಿನ ಬಿಡುವಿನಲ್ಲಿ.

ಮೊದಲ ಕೆಲಸಕ್ಕೆ ಕಂಪ್ಯೂಟರೇ ಬೇಡ. ಒಂದು ಹಾಳೆಯಲ್ಲಿ ನೀವು ನಿಜವಾಗಿ ಆಡುವ ಆಟಗಳ ಹೆಸರು ಬರೆಯಿರಿ. ರಿಯಾಯಿತಿಯಲ್ಲಿ ಕೊಂಡು ಮುಟ್ಟದೆ ಬಿಟ್ಟವು ಬೇಡ. ನನ್ನ ಪಟ್ಟಿಯಲ್ಲಿ ಇದ್ದದ್ದು ಯೂರೋ ಟ್ರಕ್ ಸಿಮ್ಯುಲೇಟರ್ 2, ಏಜ್ ಆಫ್ ಎಂಪೈರ್ಸ್ 2, ವಿಚರ್ 3 ಮತ್ತು ಜಿಟಿಎ 5. ಆ ಬಳಿಕ ಪ್ರೋಟಾನ್‌ಡಿಬಿ ಎಂಬ ತಾಣದಲ್ಲಿ ಒಂದೊಂದನ್ನೇ ಹುಡುಕಿ. ಲಿನಕ್ಸ್‌ನಲ್ಲಿ ಆಡಿದವರು ಅಲ್ಲಿ ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್ ಎಂದು ದರ್ಜೆ ಕೊಟ್ಟಿರುತ್ತಾರೆ. ದರ್ಜೆಗಿಂತ ಕೆಳಗಿನ ಟಿಪ್ಪಣಿಗಳು ಮುಖ್ಯ. ನಿಮ್ಮಂಥದೇ ಗ್ರಾಫಿಕ್ಸ್ ಕಾರ್ಡ್ ಇರುವವರು ಬರೆದದ್ದನ್ನು ಓದಿ.

ಪ್ರೋಟಾನ್ ಎಂದರೆ ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿ ನಡೆಸುವ ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ಹೊರತಂದ ಸಾಧನ. 1993ರಿಂದ ಬೆಳೆದುಬಂದ ವೈನ್ ಎಂಬ ತಂತ್ರಾಂಶ ಅದರ ಬೇರು. ಆಟವು ವಿಂಡೋಸನ್ನು ಉದ್ದೇಶಿಸಿ ಕೇಳಿದ್ದಕ್ಕೆಲ್ಲ ಅದು ಲಿನಕ್ಸ್‌ನಿಂದ ಉತ್ತರ ಕೊಡಿಸುತ್ತದೆ. ವಿಂಡೋಸಿನ ಚಿತ್ರಭಾಷೆಯಾದ ಡೈರೆಕ್ಟ್‌ಎಕ್ಸ್‌ನಲ್ಲಿ ಬರೆದದ್ದನ್ನು ಲಿನಕ್ಸ್ ಬಲ್ಲ ವಲ್ಕನ್‌ಗೆ ತಿರುಗಿಸುತ್ತದೆ. ವಾಲ್ವ್‌ನದೇ ಕೈಯಲ್ಲಿ ಹಿಡಿದು ಆಡುವ ಯಂತ್ರ ಸ್ಟೀಮ್ ಡೆಕ್ ನಡೆಯುವುದೂ ಇದರ ಮೇಲೆಯೇ. ಒಬ್ಬರೇ ಕುಳಿತು ಆಡುವ ಆಟಗಳಲ್ಲಿ ಬಹುಪಾಲು ಇದರಿಂದ ಓಡುತ್ತವೆ.

ಮುಗ್ಗರಿಸುವುದು ಆನ್‌ಲೈನ್ ಆಟಗಳಲ್ಲಿ. ಮೋಸ ತಡೆಯುವ ತಂತ್ರಾಂಶ ಕೆಲವು ಆಟಗಳಲ್ಲಿ ವಿಂಡೋಸ್‌ನ ಬುಡಕ್ಕೇ ಇಳಿದು ಕೂರುತ್ತದೆ. ಲಿನಕ್ಸ್‌ನಲ್ಲಿ ಅದಕ್ಕೆ ಆ ಜಾಗವಿಲ್ಲ. ವ್ಯಾಲೊರಂಟ್ ಇಲ್ಲ, ಫೋರ್ಟ್‌ನೈಟ್ ಇಲ್ಲ. ಏಪೆಕ್ಸ್ ಲೆಜೆಂಡ್ಸ್ ಮೊದಲು ಓಡುತ್ತಿತ್ತು, 2024ರಲ್ಲಿ ಬಾಗಿಲು ಮುಚ್ಚಿತು. ಜಿಟಿಎ 5ರ ಆನ್‌ಲೈನ್ ಭಾಗವೂ ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೋಯಿತು, ಕಥೆಯ ಭಾಗ ಉಳಿದಿದೆ. ಕೌಂಟರ್ ಸ್ಟ್ರೈಕ್ 2 ಮತ್ತು ಡೋಟಾ 2ಕ್ಕೆ ಲಿನಕ್ಸ್‌ನದೇ ಆವೃತ್ತಿ ಇದೆ, ಅವನ್ನು ಆಡುವವರಿಗೆ ಚಿಂತೆಯಿಲ್ಲ. ಇದನ್ನೆಲ್ಲ ಗೋಣಿಕೊಪ್ಪದಲ್ಲಿರುವ ತಮ್ಮನ ಮಗನಿಗೆ ವಿವರಿಸಿದೆ. “ದೊಡ್ಡಪ್ಪ, ವ್ಯಾಲೊರಂಟ್ ಬರುವುದಿಲ್ಲ ಎಂದಾದರೆ ನಾನು ಯಾಕೆ ಬದಲಾಗಬೇಕು?” ಎಂದ. ಬದಲಾಗಬೇಡ ಎಂದೆ. ಅವನ ಹಾಳೆಯಲ್ಲಿ ಇದ್ದದ್ದೇ ಒಂದು ಹೆಸರು.

ನಿಮ್ಮ ಹಾಳೆ ಪಾಸಾದರೆ ಮುಂದಿನ ಖರ್ಚು ಒಂದು ಹೊಸ ಎಸ್‌ಎಸ್‌ಡಿ. 500 ಜಿಬಿಯದು ಸಾಕು. ವಿಂಡೋಸ್ ಇರುವ ಡಿಸ್ಕನ್ನೇ ಎರಡು ಭಾಗ ಮಾಡಿ ಒಂದರಲ್ಲಿ ಲಿನಕ್ಸ್ ಹಾಕಬಹುದು ಎಂದು ಎಲ್ಲ ಕಡೆ ಬರೆದಿರುತ್ತಾರೆ. ಕರೆಂಟ್ ಯಾವಾಗ ಹೋಗುತ್ತದೆಂದು ಗೊತ್ತಿರುವ ಊರಿನವರು ಹಾಗೆ ಮಾಡಲಿ. ಡಿಸ್ಕ್ ಸೀಳುವ ನಡುವೆ ಯುಪಿಎಸ್ ಕೂಗಿಕೊಂಡರೆ ಎರಡೂ ಕಡೆ ಕೆಟ್ಟಂತೆ.

ಕ್ಯಾಬಿನೆಟ್ ತೆರೆದಾಗ ಬೂಷ್ಟಿನ ವಾಸನೆ ಗಪ್ಪೆಂದು ಬಂತು. ಮಳೆಗಾಲದ ಥಂಡಿ ಒಳಗೆ ಹಾಗೇ ಕುಳಿತಿತ್ತು. ಸ್ಕ್ರೂಗಳ ತಲೆ ಕೆಂಪಾಗಿ ತುಕ್ಕು ಹಿಡಿದಿತ್ತು, ಪವರ್ ಸಪ್ಲೈ ಪೆಟ್ಟಿಗೆಯ ಬಿಸಿಗೆ ಒಣಗಿ ಕಡ್ಡಿಯಾದ ಹಲ್ಲಿಯೊಂದು ಅದಕ್ಕೇ ಅಂಟಿಕೊಂಡಿತ್ತು. ಬ್ರಷ್ಷಿನಿಂದ ಎಲ್ಲ ಸ್ವಚ್ಛ ಮಾಡಿ, ಹಳೆಯ ಡಿಸ್ಕಿನ ಎರಡೂ ತಂತಿ ಕಿತ್ತು, ಆ ತಂತಿಗಳನ್ನೇ ಹೊಸ ಎಸ್‌ಎಸ್‌ಡಿಗೆ ಸಿಕ್ಕಿಸಿದೆ. ಇನ್ನು ಏನು ತಪ್ಪು ಮಾಡಿದರೂ ಹಳೆಯ ವಿಂಡೋಸಿಗೆ ಕೈ ತಾಗುವುದಿಲ್ಲ. ತೆಗೆಯುವ ಮುಂಚೆ ವಿಂಡೋಸಿನಲ್ಲಿ ಎರಡು ಕೆಲಸ ಮುಗಿಸಿರಿ: ಪವರ್ ಸೆಟ್ಟಿಂಗಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಬರೆದಿಡಿ. ಮೂರನೆಯದು ನಾನು ಮರೆತದ್ದು, ಆಮೇಲೆ ಹೇಳುತ್ತೇನೆ.

ಲಿನಕ್ಸ್‌ನಲ್ಲಿ ಬಗೆಗಳು ಹಲವು, ಯಾವುದು ಎಂಬ ಚರ್ಚೆಗೆ ಇಳಿದರೆ ಹುತ್ತರಿ ಬರುವವರೆಗೂ ಮುಗಿಯದು. ನಾನು ಹಾಕಿದ್ದು ಮಿಂಟ್ 22. ಎಎಂಡಿ ಕಾರ್ಡ್ ಇದ್ದು, ಆಟಕ್ಕೇ ಯಂತ್ರವನ್ನು ಮೀಸಲಿಡುವುದಾದರೆ ಬಜೈಟ್ ಕೂಡ ಒಳ್ಳೆಯದು. ಮಿಂಟಿನ ಕಡತ ಹತ್ತಿರಹತ್ತಿರ ಮೂರು ಜಿಬಿ. ನೆಟ್ ಚೆನ್ನಾಗಿರುವ ಮಡಿಕೇರಿಯ ಗೆಳೆಯನ ಮನೆಯಲ್ಲಿ ಇಳಿಸಿಕೊಂಡು, ರೂಫಸ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆದು ತಂದೆ. ಆ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿದರೆ ಏನನ್ನೂ ಸ್ಥಾಪಿಸದೆಯೇ ಮಿಂಟ್ ತೆರೆದುಕೊಳ್ಳುತ್ತದೆ. ಶಬ್ದ, ವೈಫೈ, ಪ್ರಿಂಟರ್ ಎಲ್ಲ ಸರಿಯಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ.

ಸ್ಥಾಪಿಸುವಾಗ ಮಲ್ಟಿಮೀಡಿಯಾ ಕೋಡೆಕ್ ಬೇಕೇ ಎಂಬಲ್ಲಿ ಗುರುತು ಹಾಕಿದರೆ, ಗುರುತಿಲ್ಲದ ತಂತ್ರಾಂಶವನ್ನು ಶುರುವಿನಲ್ಲೇ ತಡೆಯುವ ಸೆಕ್ಯೂರ್ ಬೂಟ್‌ಗೆಂದು ಒಂದು ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಕೊಟ್ಟು ಮುಗಿಯಿತು ಎಂದುಕೊಳ್ಳಬೇಡಿ. ಮರಳಿ ಶುರುವಾಗುವಾಗ ನೀಲಿ ಪರದೆಯೊಂದು ಬಂದು, ಯಾವುದಾದರೂ ಕೀ ಒತ್ತಿ ಎಂದು ಹತ್ತೇ ಸೆಕೆಂಡ್ ಕಾಯುತ್ತದೆ. ಒತ್ತಿ, ಎನ್‌ರೋಲ್ ಮಾಕ್ ಆರಿಸಿ, ಆ ಪಾಸ್‌ವರ್ಡ್ ಕೊಡಬೇಕು. ಅಂಗಳದಲ್ಲಿ ಒಣಗಲು ಹಾಕಿದ್ದ ಗೊರಗಿನ ಮೇಲೆ ಹಸು ಕಾಲಿಟ್ಟಿದೆ ಎಂದು ಆ ಹತ್ತು ಸೆಕೆಂಡಿನಲ್ಲಿ ಹೊರಗೋಡಿದವನು ನಾನು. ಬಂದು ನೋಡಿದರೆ ಮಿಂಟ್ ತಣ್ಣಗೆ ತೆರೆದಿತ್ತು, ಎನ್‌ವಿಡಿಯಾ ಡ್ರೈವರ್ ಮಾತ್ರ ಎಷ್ಟು ಹಾಕಿದರೂ ಏಳಲಿಲ್ಲ. ಸಂಜೆಯೆಲ್ಲ ತಲೆ ಕೆರೆದುಕೊಂಡು ಕೊನೆಗೆ ಬಯೋಸಿನಲ್ಲಿ ಸೆಕ್ಯೂರ್ ಬೂಟನ್ನೇ ಆಫ್ ಮಾಡಿದೆ, ಎದ್ದಿತು.

ಡ್ರೈವರ್ ವಿಷಯದಲ್ಲಿ ಎಡವುವ ಜಾಗ ಇನ್ನೊಂದು ಇದೆ. ಎಎಂಡಿಯವರಿಗೆ ಏನೂ ಹಾಕಬೇಕಿಲ್ಲ, ಬೇಕಾದದ್ದು ಲಿನಕ್ಸ್‌ನೊಳಗೇ ಇರುತ್ತದೆ. ಎನ್‌ವಿಡಿಯಾದವರು ಮಿಂಟಿನ ಡ್ರೈವರ್ ಮ್ಯಾನೇಜರ್ ತೆರೆಯಬೇಕು. ಜಿಟಿಎಕ್ಸ್ 10ರ ಸಾಲಿನ ಕಾರ್ಡಾದರೆ 580 ಎಂಬ ಸಂಖ್ಯೆಯದನ್ನು ಆರಿಸಿ. ಈ ಕಾರ್ಡುಗಳಿಗೆ ಅದೇ ಕೊನೆಯ ಸಾಲು. ಹೆಸರಿನ ಬಾಲದಲ್ಲಿ ‘ಓಪನ್’ ಎಂದಿರುವುದನ್ನು ಮುಟ್ಟಬೇಡಿ, ಅದು ಜಿಟಿಎಕ್ಸ್ 16 ಮತ್ತು ಆರ್‌ಟಿಎಕ್ಸ್ 20ರಿಂದ ಈಚಿನ ಕಾರ್ಡುಗಳಿಗೆ ಮಾತ್ರ.

ಸ್ಟೀಮನ್ನು ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಹುಡುಕಿದರೆ ಎರಡು ಸಿಗುತ್ತವೆ, ಒಂದು ಸಿಸ್ಟಮ್ ಪ್ಯಾಕೇಜ್, ಇನ್ನೊಂದು ಫ್ಲಾಟ್‌ಪ್ಯಾಕ್. ಮೊದಲನೆಯದನ್ನು ಹಾಕಿ. ಎರಡನೆಯದಕ್ಕೆ ಬೇರೆ ಡಿಸ್ಕ್‌ಗಳನ್ನು ನೋಡಲು ಪ್ರತ್ಯೇಕ ಅನುಮತಿ ಕೊಡಬೇಕಾಗುತ್ತದೆ. ಲಾಗಿನ್ ಆದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಕಂಪ್ಯಾಟಿಬಿಲಿಟಿ ಎಂಬಲ್ಲಿ ಎಲ್ಲ ಆಟಗಳಿಗೂ ಪ್ರೋಟಾನ್ ಆನ್ ಆಗಿದೆಯೇ ನೋಡಿ. ಡೌನ್‌ಲೋಡ್ಸ್ ಎಂಬಲ್ಲಿ ಶೇಡರ್ ಪ್ರಿ-ಕ್ಯಾಶಿಂಗ್ ಎಂಬುದೊಂದಿದೆ. ಆಟ ತಡವರಿಸದಂತೆ ಮೊದಲೇ ಸಿದ್ಧ ಕಡತಗಳನ್ನು ಇಳಿಸಿಕೊಳ್ಳುವುದು ಅದರ ಕೆಲಸ. ದಿನಕ್ಕಿಷ್ಟು ಜಿಬಿ ಎಂದು ಎಣಿಸಿ ಕೊಡುವ ನೆಟ್ ನಿಮ್ಮದಾದರೆ ಅದನ್ನು ಆಫ್ ಮಾಡಿ. ಹೊಸ ಜಾಗಕ್ಕೆ ಕಾಲಿಟ್ಟಾಗ ಆಟ ಒಂದೆರಡು ಬಾರಿ ಮುಗ್ಗರಿಸಬಹುದು, ನಾನು ಸಹಿಸಿಕೊಂಡಿದ್ದೇನೆ.

ಈಗ ಹಳೆಯ ಡಿಸ್ಕನ್ನು ಮತ್ತೆ ಜೋಡಿಸುವ ಹೊತ್ತು. ಮಿಂಟ್ ಅದನ್ನು ಫೈಲ್ ಮ್ಯಾನೇಜರಿನಲ್ಲೇ ತೋರಿಸುತ್ತದೆ. ಆಟಗಳೆಲ್ಲ ಅಲ್ಲೇ ಇರುವಾಗ ನೇರವಾಗಿ ಅಲ್ಲಿಂದಲೇ ಆಡೋಣ ಎಂದು ಯಾರಿಗಾದರೂ ಅನಿಸುತ್ತದೆ. ಬೇಡ. ಪ್ರೋಟಾನ್ ಪ್ರತಿ ಆಟಕ್ಕೂ ಒಂದು ಪುಟ್ಟ ನಕಲಿ ವಿಂಡೋಸ್ ಕಟ್ಟಿಕೊಳ್ಳುತ್ತದೆ. ಅದರೊಳಗೆ ‘ಸಿ’ ಅಕ್ಷರದ ಮುಂದೆ ಎರಡು ಚುಕ್ಕಿ ಇರುವ ಹೆಸರುಗಳು ಬರುತ್ತವೆ. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಆ ಚುಕ್ಕಿಗಳು ನಿಷಿದ್ಧ. ಆಟ ತೆರೆದಂತೆ ಮಾಡಿ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ, ಕಾರಣ ಹೇಳುವುದೂ ಇಲ್ಲ.

ಸರಿಯಾದ ದಾರಿ ನಕಲು ಮಾಡುವುದು. ಹಳೆಯ ಡಿಸ್ಕಿನಲ್ಲಿ ಸ್ಟೀಮ್‌ಆ್ಯಪ್ಸ್ ಫೋಲ್ಡರಿನೊಳಗೆ ಕಾಮನ್ ಎಂಬುದಿದೆ, ಅದರಲ್ಲಿ ಆಟಕ್ಕೊಂದು ಫೋಲ್ಡರ್. ಬೇಕಾದದ್ದನ್ನು ಹೆಸರು ಬದಲಿಸದೆ ಹೊಸ ಸ್ಟೀಮಿನ ಕಾಮನ್ ಫೋಲ್ಡರಿಗೆ ಹಾಕಿ. ಆಮೇಲೆ ಸ್ಟೀಮಿನಲ್ಲಿ ಇನ್‌ಸ್ಟಾಲ್ ಒತ್ತಿ. ಅದು ಇರುವ ಕಡತಗಳನ್ನು ಕಂಡು, ಪರೀಕ್ಷಿಸಿ, ಕೊರತೆಯಾದದ್ದನ್ನಷ್ಟೇ ಇಳಿಸಿಕೊಳ್ಳುತ್ತದೆ. ವಿಚರ್ 3 ಐವತ್ತು ಜಿಬಿ ಮೀರಿದ ಆಟ. ನಕಲಿಗೆ ನನಗೆ ಹಿಡಿದದ್ದು ಹತ್ತು ನಿಮಿಷ ಚಿಲ್ಲರೆ. ಯೂರೋ ಟ್ರಕ್‌ಗೆ ಲಿನಕ್ಸ್‌ನದೇ ಆವೃತ್ತಿ ಇರುವುದರಿಂದ ಅದು ಸ್ವಲ್ಪ ಹೆಚ್ಚು ಇಳಿಸಿಕೊಂಡಿತು. ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದರೆ ಇನ್ನೂ ಸುಲಭ: ಎರಡರಲ್ಲೂ ಸ್ಟೀಮ್ ತೆರೆದಿಟ್ಟರೆ ಒಂದರಿಂದ ಇನ್ನೊಂದಕ್ಕೆ ಮನೆಯ ರೂಟರಿನ ಮೂಲಕವೇ ಆಟ ಸಾಗುತ್ತದೆ, ಹೊರಗಿನ ತಂತಿಯನ್ನು ಹೆಚ್ಚಾಗಿ ಅವಲಂಬಿಸಬೇಕಿಲ್ಲ.

ಜಿಟಿಎ 5 ನನಗೆ ಎಪಿಕ್‌ನಲ್ಲಿ 2020ರ ಮೇ ತಿಂಗಳಲ್ಲಿ ಪುಕ್ಕಟೆ ಸಿಕ್ಕಿದ್ದು. ಎಪಿಕ್ ಮತ್ತು ಗಾಗ್ ಅಂಗಡಿಗಳ ಆಟಕ್ಕೆ ಹೀರೋಯಿಕ್ ಎಂಬ ತಂತ್ರಾಂಶ ಹಾಕಿಕೊಳ್ಳಿ. ಅದರಲ್ಲೂ ಇರುವ ಫೋಲ್ಡರನ್ನು ಆಮದು ಮಾಡುವ ಗುಂಡಿ ಇದೆ.

ನಾನು ಮರೆತ ಮೂರನೆಯ ಕೆಲಸಕ್ಕೆ ಬರುತ್ತೇನೆ: ಉಳಿಸಿದ ಆಟಗಳ ನಕಲು ತೆಗೆದಿಡುವುದು. ಸ್ಟೀಮ್ ಕ್ಲೌಡ್ ಇದೆ, ಉಳಿಸಿದ ಆಟವೆಲ್ಲ ತಾನೇ ಬರುತ್ತದೆ ಎಂದು ನಂಬಿದ್ದೆ. ಯೂರೋ ಟ್ರಕ್‌ನಲ್ಲಿ ಕ್ಲೌಡ್ ಬೇಕೋ ಬೇಡವೋ ಎಂದು ಪ್ರತಿ ಪ್ರೊಫೈಲಿಗೂ ಬೇರೆಬೇರೆ ಕೇಳಿರುತ್ತದೆ. ಎಂಟು ವರ್ಷದ ಹಿಂದೆ ನಾನು ಬೇಡ ಎಂದಿದ್ದೆ. ಮಿಂಟಿನಲ್ಲಿ ಆಟ ತೆರೆದರೆ ಹದಿನಾಲ್ಕು ಲಾರಿಗಳ ಮಾಲೀಕನಿಗೆ ಅದು ಹೊಸ ಚಾಲಕನ ಅರ್ಜಿ ತುಂಬಿಸಲು ಹೊರಟಿತು. ಹಳೆಯ ಡಿಸ್ಕನ್ನು ಅಳಿಸದೆ ಇಟ್ಟದ್ದರಿಂದ ಬದುಕಿದೆ. ವಿಂಡೋಸಿನ ಡಾಕ್ಯುಮೆಂಟ್ಸ್‌ನಲ್ಲಿ ಆಟದ ಹೆಸರಿನ ಫೋಲ್ಡರಿದೆ, ಅದರೊಳಗೆ ಪ್ರೊಫೈಲ್ಸ್. ಲಿನಕ್ಸ್‌ನಲ್ಲಿ ಅದರ ಜಾಗ ಹೋಮ್ ಫೋಲ್ಡರಿನ ಮರೆಯಲ್ಲಿರುವ ಲೋಕಲ್, ಅದರೊಳಗೆ ಶೇರ್. ಮರೆಯ ಫೋಲ್ಡರ್ ಕಾಣಲು ಕಂಟ್ರೋಲ್ ಮತ್ತು ಎಚ್ ಒತ್ತಿ. ಪ್ರೋಟಾನ್‌ನಲ್ಲಿ ಓಡುವ ಆಟಕ್ಕಾದರೆ ಸ್ಟೀಮ್‌ಆ್ಯಪ್ಸ್‌ನ ಕಾಂಪ್ಯಾಟ್‌ಡೇಟಾದಲ್ಲಿ ಆಟದ ಸಂಖ್ಯೆಯ ಫೋಲ್ಡರ್ ಹುಡುಕಬೇಕು. ವಿಚರ್ 3ರದು 292030. ಒಳಗೆ ಪಿಎಫ್‌ಎಕ್ಸ್, ಡ್ರೈವ್ ಸಿ, ಯೂಸರ್ಸ್, ಸ್ಟೀಮ್‌ಯೂಸರ್ ಎಂದು ಇಳಿಯುತ್ತಾ ಹೋದರೆ ಅಲ್ಲೊಂದು ಡಾಕ್ಯುಮೆಂಟ್ಸ್ ಸಿಗುತ್ತದೆ. ಒಮ್ಮೆ ಆಟ ತೆರೆದು ಮುಚ್ಚಿದ ಮೇಲೆಯೇ ಈ ಫೋಲ್ಡರ್ ಹುಟ್ಟುವುದು.

ವೇಗದ ಮಾತು ಚಿಕ್ಕದು. ಹಳೆಯ ಆಟಗಳಲ್ಲಿ ನನಗೆ ವ್ಯತ್ಯಾಸ ತಿಳಿಯಲಿಲ್ಲ. ಎನ್‌ವಿಡಿಯಾ ಕಾರ್ಡಿನಲ್ಲಿ ಡೈರೆಕ್ಟ್‌ಎಕ್ಸ್ 12ರ ಆಟಗಳು ವಿಂಡೋಸಿಗಿಂತ ನಿಧಾನ. ವಿಚರ್ 3ನ್ನು ಡೈರೆಕ್ಟ್‌ಎಕ್ಸ್ 11ರಲ್ಲೇ ತೆರೆಯುವ ಆಯ್ಕೆಯಿದೆ, ನಾನು ಅದನ್ನೇ ಬಳಸುತ್ತೇನೆ.

ಕರೆಂಟಿಗಾಗಿ ಮಿಂಟಿನಲ್ಲೇ ಇರುವ ಟೈಮ್‌ಶಿಫ್ಟನ್ನು ಮೊದಲ ದಿನವೇ ಸಿದ್ಧ ಮಾಡಿ. ನವೀಕರಣದ ನಡುವೆ ದೀಪ ಆರಿ ವ್ಯವಸ್ಥೆ ಕೆಟ್ಟರೆ ನಿನ್ನೆಯ ಸ್ಥಿತಿಗೆ ಮರಳಬಹುದು. ಲಿನಕ್ಸ್‌ನ ತಿರುಳಾದ ಕರ್ನಲ್ ಬದಲಾಗುವಾಗಲೇ ಕರೆಂಟ್ ಹೋಯಿತೆನ್ನಿ, ಶುರುವಾಗುವಾಗ ಗ್ರಬ್ ಪಟ್ಟಿಯ ಅಡ್ವಾನ್ಸ್ಡ್ ಆಪ್ಶನ್ಸ್‌ನಲ್ಲಿ ಹಿಂದಿನ ಕರ್ನಲ್ ಕಾದಿರುತ್ತದೆ. ಎರಡೂ ಡಿಸ್ಕ್ ಇಟ್ಟುಕೊಂಡವರಿಗೆ ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದೆ ಕಾಣಬಹುದು. ಕಂಪ್ಯೂಟರಿನ ಗಡಿಯಾರವನ್ನು ಎರಡೂ ಬೇರೆಬೇರೆ ರೀತಿ ಓದುವುದೇ ಕಾರಣ, ಬ್ಯಾಟರಿ ಬದಲಿಸಲು ಓಡಬೇಡಿ. ತೋಟದ ಲೆಕ್ಕ ಬರೆಯಲು ಕನ್ನಡ ಬೇಕಿತ್ತು. ಬೇರೆ ಭಾಷೆ ಟೈಪಿಸಲು ನೆರವಾಗುವ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಸೇರಿಸಿದೆ, ನುಡಿಗೆ ಪಳಗಿದ ಬೆರಳು ಹಾಗೆಯೇ ಓಡಿತು.

ವಿಂಡೋಸಿನ ಡಿಸ್ಕ್ ಇನ್ನೂ ಕ್ಯಾಬಿನೆಟ್ಟಿನಲ್ಲೇ ಇದೆ. ಕೊಯ್ಲು ಮುಗಿಯುವಷ್ಟರಲ್ಲಿ ಅದನ್ನು ತೆರೆದದ್ದು ಒಂದೇ ಬಾರಿ, ತಮ್ಮನ ಮಗ ರಜೆಗೆಂದು ಬಂದಿದ್ದಾಗ. ವ್ಯಾಲೊರಂಟ್ ಆಡುವ ಮೊದಲು ನವೀಕರಣಗಳೇ ಅವನ ಅರ್ಧ ದಿನ ತಿಂದವು. ಕಾದು ಬೇಸತ್ತು ನನ್ನ ಹದಿನೈದನೆಯ ಲಾರಿ ಕೊಳ್ಳಲು ಮಿಂಟಿನ ಕಡೆಗೆ ಬಂದು ಕುಳಿತ.