ಕೀನ್ಯಾದಲ್ಲಿ ಯಾವ ಕೆಲಸಕ್ಕೆ ಯಾವ ಸರ್ಕಾರ?

ಕೀನ್ಯಾಕ್ಕೆ ಹೊಸದಾಗಿ ಬಂದ ಕನ್ನಡಿಗರನ್ನು ಮೊದಲು ದಾರಿ ತಪ್ಪಿಸುವ ಪದವೆಂದರೆ ‘ಗವರ್ನರ್’. ಇಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಕೌಂಟಿ ಎಂಬ ಸ್ಥಳೀಯ ಆಡಳಿತ ಘಟಕದ ಮತದಾರರಿಂದ ನೇರವಾಗಿ ಆಯ್ಕೆಯಾಗಿ ಆಡಳಿತ ನಡೆಸುವವರು. 2010ರ ಸಂವಿಧಾನದಲ್ಲಿ ರೂಪುಗೊಂಡ ಇಂಥ 47 ಕೌಂಟಿ ಸರ್ಕಾರಗಳು 2013ರ ಮಾರ್ಚ್ ಚುನಾವಣೆಯ ನಂತರ ಕೆಲಸ ಆರಂಭಿಸಿದವು.

ಅದಕ್ಕೂ ಮೊದಲು ಮುಖ್ಯ ತೀರ್ಮಾನಗಳೆಲ್ಲ ರಾಜಧಾನಿ ನೈರೋಬಿಯಲ್ಲೇ ಆಗುತ್ತಿದ್ದವು. ಒಳ್ಳೆಯ ಮಣ್ಣು, ಮಳೆ, ಸಾರಿಗೆ ಇರುವ ಕಡೆಯೇ ಹಣ ಹೂಡಿದರೆ ಹೆಚ್ಚು ಫಲ ಸಿಗುತ್ತದೆಂದು 1965ರ ಸರ್ಕಾರಿ ನೀತಿಪತ್ರವೊಂದು ಬರೆದೇಬಿಟ್ಟಿತ್ತು. ಆದ್ದರಿಂದ ತುರ್ಕಾನಾ, ಮಂಡೇರಾ, ವಜೀರ್‌ನಂಥ ಉತ್ತರದ ಒಣನಾಡುಗಳು ಹಿಂದುಳಿದದ್ದಕ್ಕೆ ಬರಗಾಲವನ್ನಷ್ಟೇ ದೂರುವಂತಿಲ್ಲ. 2007ರ ಚುನಾವಣೆಯ ಬೆನ್ನಿಗೆ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಹಿಂಸಾಚಾರವು, ಅಧಿಕಾರವನ್ನೆಲ್ಲ ಅಧ್ಯಕ್ಷರ ಕೈಗೇ ಕೊಟ್ಟರೆ ದೇಶ ಉಳಿಯದೆಂಬುದನ್ನು ಮನದಟ್ಟು ಮಾಡಿಸಿತು.

ಇನ್ನು ದಿನನಿತ್ಯದ ವಿಷಯ. ಕೆಲಸದ ಪರವಾನಗಿ, ಆದಾಯ ತೆರಿಗೆ, ಪೊಲೀಸ್ ರಾಷ್ಟ್ರೀಯ ಸರ್ಕಾರದವು. ವ್ಯಾಪಾರ ಪರವಾನಗಿ ಕೌಂಟಿಯದು. ಪರವಾನಗಿಯನ್ನು ಅಂಗಡಿಯ ಗೋಡೆಗೆ ತೂಗುಹಾಕಿಡಿ. ನೈರೋಬಿಯಲ್ಲಿ ಜನ ‘ಕಾಂಜೊ’ ಎಂದು ಕರೆಯುವ ಕೌಂಟಿ ಸಿಬ್ಬಂದಿ ಬಂದಾಗ ಮೊದಲು ಕೇಳುವುದು ಅದನ್ನೇ. ಆಸ್ತಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು: ‘ಲ್ಯಾಂಡ್ ರೇಟ್ಸ್’ ಎಂಬ ಆಸ್ತಿ ತೆರಿಗೆ ಕೌಂಟಿಗೆ, ‘ಲ್ಯಾಂಡ್ ರೆಂಟ್’ ಎಂಬ ಗುತ್ತಿಗೆ ಭೂಮಿಯ ಬಾಡಿಗೆ ರಾಷ್ಟ್ರೀಯ ಸರ್ಕಾರಕ್ಕೆ ಸಲ್ಲುತ್ತವೆ, ಹೆಸರು ಒಂದೇ ಬಗೆಯಾದರೂ ಒಂದನ್ನು ಕಟ್ಟಿದ ಮಾತ್ರಕ್ಕೆ ಇನ್ನೊಂದು ತೀರುವುದಿಲ್ಲ. ಈ ದೇಶದ ಪೌರರಲ್ಲದವರಿಗೆ ಭೂಮಿ 99 ವರ್ಷ ಮೀರದ ಗುತ್ತಿಗೆಯ ಮೇಲೆ ಮಾತ್ರ ಸಿಗುತ್ತದೆ.

ರಾಷ್ಟ್ರಮಟ್ಟದ ಕೆಲವು ದೊಡ್ಡ ಆಸ್ಪತ್ರೆಗಳನ್ನು ಬಿಟ್ಟರೆ ಸರ್ಕಾರಿ ಆರೋಗ್ಯ ಸೇವೆ ಕೌಂಟಿಯ ಹೊಣೆ. ಹೊಣೆ ಕೌಂಟಿಯದಾದರೂ ಹಣದ ಬಹುಪಾಲು ನೈರೋಬಿಯ ಖಜಾನೆಯಿಂದಲೇ ಬರಬೇಕು. ಕಂತು ತಡವಾದರೆ ಸಂಬಳ ತಡವಾಗುತ್ತದೆ, ಮುಷ್ಕರದ ಮಾತು ಏಳುತ್ತದೆ. ರಾಷ್ಟ್ರೀಯ ಆದಾಯದ ಕನಿಷ್ಠ 15% ಕೌಂಟಿಗಳಿಗೆ ಸಲ್ಲಬೇಕೆಂದು ಸಂವಿಧಾನ ಹೇಳುತ್ತದಾದರೂ, ಲೆಕ್ಕಕ್ಕೆ ಹಿಡಿಯುವುದು ಈ ವರ್ಷದ ಆದಾಯವನ್ನಲ್ಲ, ಸಂಸತ್ತಿನ ಕೆಳಮನೆ ಒಪ್ಪಿದ ಕೊನೆಯ ಲೆಕ್ಕಪರಿಶೋಧಿತ ವರ್ಷದ ಆದಾಯವನ್ನು. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ದುರ್ಬಲ ಗಂಟು ಇದೇ.

ಆ ಹಣವನ್ನು ಹಂಚುವ ಸೂತ್ರವೂ ಸುಲಭದ್ದಲ್ಲ. ಜನಸಂಖ್ಯೆಗೆ ಹೆಚ್ಚು ತೂಕ ಕೊಟ್ಟರೆ ಮಧ್ಯಭಾಗದ ಕೌಂಟಿಗಳಿಗೆ ಲಾಭ, ವಿಸ್ತೀರ್ಣ ಮತ್ತು ಬಡತನಕ್ಕೆ ಕೊಟ್ಟರೆ ಉತ್ತರಕ್ಕೆ. 2020ರಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಇದೇ ಜಗಳದಲ್ಲಿ ಹಲವು ಬೈಠಕ್‌ಗಳ ಕಾಲ ಸಿಲುಕಿಕೊಂಡಿತ್ತು. ಯಾರ ಪಾಲೂ ತಗ್ಗದಂತೆ ಒಟ್ಟು ಮೊತ್ತವನ್ನೇ ಹಿಗ್ಗಿಸುವ ಭರವಸೆ ಸಿಕ್ಕ ಮೇಲಷ್ಟೇ ಸೆಪ್ಟೆಂಬರ್‌ನಲ್ಲಿ ರಾಜಿಯಾಯಿತು.