ಜೇನಿನ ಕೆಲಸ ನಾನೇ ಮಾಡಿ ನೋಡಿದ್ದೇನೆ

2003ರಲ್ಲಿ ನಮ್ಮ ತೋಟದಲ್ಲಿ ವೆನಿಲ್ಲಾ ಹೂ ಬಿಟ್ಟಾಗ ನನಗೆ ಬೆಳಗಿನ ಆಸರಿ ಕುಡಿಯಲಿಕ್ಕೂ ಪುರಸೊತ್ತಿರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಆಗ ಯಾರ ಬಾಯಲ್ಲಿ ಕೇಳಿದರೂ ವೆನಿಲ್ಲಾ ಮಾತೇ. ನಾವೂ ಅಡಿಕೆ ಸಾಲಿನ ನಡುವೆ ಗೊಬ್ಬರದ ಗಿಡ ನೆಟ್ಟು ಬಳ್ಳಿ ಹಬ್ಬಿಸಿದ್ದೆವು. ಹೂ ನಸುಕಿನಲ್ಲಿ ಅರಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ, ಅಷ್ಟೇ ಅದರ ಆಯುಷ್ಯ. ಕಾಯಿ ಕಟ್ಟಬೇಕಾದರೆ ಅಷ್ಟರೊಳಗೆ ನಾವೇ ಕೈಯಿಂದ ಪರಾಗ ಮುಟ್ಟಿಸಬೇಕು. ಒಂದು ಗೊಂಚಲಿನಲ್ಲಿ 15-20 ಮೊಗ್ಗು ಇದ್ದರೂ ದಿನಕ್ಕೆ ಒಂದೋ ಎರಡೋ ಮಾತ್ರ ಅರಳುತ್ತವೆ, ಹಾಗಾಗಿ ಅದೇ ಬಳ್ಳಿಗೆ ದಿನಾ ಹೋಗಬೇಕು. ಎಡಗೈಯಲ್ಲಿ ಹೂ ಹಿಡಿದು, ಹಿಡಿಕಡ್ಡಿಯ ತುದಿಯಿಂದ ತುಟಿಯ ಎಸಳು ಸೀಳಿ, ಒಳಗಿನ ಸಣ್ಣ ಪರದೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಕೆಳಗಿನ ಅಂಟಿಗೆ ಮೆತ್ತಗೆ ಒತ್ತಬೇಕು. ಜಾಸ್ತಿ ಒತ್ತಿದರೆ ಹೂ ಹಾಳು, ಕಡಿಮೆಯಾದರೆ ಮರುದಿನ ಉದುರಿ ಬಿದ್ದಿರುತ್ತದೆ.

ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಹತ್ತೂವರೆಗೆಲ್ಲ ನಾನು ಆರುನೂರು ಹೂ ಮುಗಿಸುತ್ತಿದ್ದೆ. ಹೆಂಡತಿಯ ಕೈ ನನಗಿಂತ ಚುರುಕು. ಎರಡು ತಿಂಗಳು ಒಂದು ದಿನವೂ ಬಿಡುವಂತಿಲ್ಲ, ಮದುವೆ ಮುಂಜಿ ಎಲ್ಲ ತಪ್ಪಿಸಿದೆವು. ವೆನಿಲ್ಲಾದ ತವರು ಮೆಕ್ಸಿಕೋ, ಅಲ್ಲಿ ಈ ಕೆಲಸಕ್ಕೆ ಅಲ್ಲಿನದೇ ಜೇನು ಇದೆ. ಬೇರೆ ದೇಶಕ್ಕೆ ಬಳ್ಳಿ ಬಂತು, ಹುಳ ಬರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಈ ಕಡ್ಡಿಯ ಉಪಾಯ ಕಂಡುಹಿಡಿದ. ಅವನ ಕೈಗುಣದ ಮೇಲೆಯೇ ಇವತ್ತಿಗೂ ಜಗತ್ತಿನ ವೆನಿಲ್ಲಾ ನಿಂತಿದೆ.

ನಮ್ಮ ವೆನಿಲ್ಲಾ ಕತೆ ಎಲ್ಲರದ್ದೂ ಆದ ಹಾಗೇ ಆಯಿತು. ಬೆಲೆ ಬಿತ್ತು, ಬಳ್ಳಿಗೆ ಕೊಳೆ ಬಂತು, ಬಿಟ್ಟೆವು. ಆದರೆ ಆ ಎರಡು ತಿಂಗಳು ಒಂದು ವಿಷಯ ಮನಸ್ಸಿನಲ್ಲಿ ಕೂತುಬಿಟ್ಟಿತು: ಒಂದು ಹೂವಿಗೆ ಪರಾಗ ಮುಟ್ಟಿಸುವುದಕ್ಕೆ ಮನುಷ್ಯನಿಗೆ ಎಷ್ಟು ಕೆಲಸ ಅಂತ. ಇದು ಉಪಯೋಗಕ್ಕೆ ಬಂದದ್ದು ಹತ್ತು ವರ್ಷ ಕಳೆದ ಮೇಲೆ, ಮೊಗೆಕಾಯಿ (ಸಾಂಬಾರು ಸೌತೆ) ಗದ್ದೆಯಲ್ಲಿ.

ಭತ್ತದ ಕೊಯ್ಲು ಮುಗಿದ ಮೇಲೆ ಮನೆ ಹತ್ತಿರದ ಹತ್ತು ಗುಂಟೆ ಗದ್ದೆಗೆ ನಾವು ಮೊಗೆ, ಸೌತೆ, ಚೀನಿಕಾಯಿ (ಸಿಹಿಗುಂಬಳ) ಹಾಕುತ್ತೇವೆ. ಅಂಚಿಗೆ ಅಲಸಂದೆ. ಆ ವರ್ಷ ಬಳ್ಳಿ ಚೆನ್ನಾಗಿಯೇ ಬಂತು, ಹೂ ಹಳದಿ ಹಾಸಿದ ಹಾಗೆ ಬಿಟ್ಟಿತು, ಕಾಯಿ ಮಾತ್ರ ತೀರಾ ಕಮ್ಮಿ. "ಮಿಡಿಯೆಲ್ಲ ಉದ್ರತಾ ಇದ್ದು" ಅಂತ ಆಯಿ ದಿನಾ ಹೇಳುತ್ತಿದ್ದಳು. ನೀರು ಕಮ್ಮಿಯಾಯಿತು ಅಂದುಕೊಂಡು ನೀರು ಜಾಸ್ತಿ ಬಿಟ್ಟೆ. ಗೊಬ್ಬರ ಹಾಕಿದೆ. ಹಣ್ಣುನೊಣ ಇರಬೇಕು ಅಂತ ಹಳದಿಯಾದ ಮಿಡಿ ಕೊಯ್ದು ಸೀಳಿ ನೋಡಿದೆ. ಒಂದೂ ಹುಳ ಇಲ್ಲ. ಹತ್ತು ಮಿಡಿ ಸೀಳಿದರೆ ಹತ್ತರಲ್ಲೂ ಇಲ್ಲ. ಬೀಜವೂ ಇರಲಿಲ್ಲ, ಬೀಜದ ಜಾಗದಲ್ಲಿ ತೆಳ್ಳಗಿನ ಪೊರೆ ಅಷ್ಟೇ.

ಉಳಿದ ಕೆಲವು ಸೌತೆಕಾಯಿ ಸೊಟ್ಟಗೆ ಬಂದಿದ್ದವು. ತೊಟ್ಟಿನ ಕಡೆ ಸಪೂರ, ತುದಿಯಲ್ಲಿ ದಪ್ಪ. ಅಂಥ ಒಂದನ್ನು ಉದ್ದಕ್ಕೆ ಸೀಳಿ ಅಡುಗೆಮನೆ ಕಿಟಕಿಯ ಬೆಳಕಿಗೆ ಹಿಡಿದೆ. ದಪ್ಪ ಇರುವಲ್ಲಿ ಬೀಜ ತುಂಬಿಕೊಂಡಿದೆ, ಸಪೂರ ಇರುವಲ್ಲಿ ಬೀಜ ಜೊಳ್ಳು. ಎಲ್ಲಿ ಬೀಜ ಕಟ್ಟಿತೋ ಅಲ್ಲಿ ಮಾತ್ರ ಕಾಯಿ ಬೆಳೆದಿದೆ. ಹೂವಿಗೆ ಪರಾಗ ಬಿದ್ದದ್ದು ಸಾಲಲಿಲ್ಲ ಅಂತ ಆಗ ಹೊಳೆಯಿತು. ಸಂತೆಯಲ್ಲಿ ಸೊಟ್ಟ ಕಾಯಿಯನ್ನು ಯಾರು ಮುಟ್ಟುತ್ತಾರೆ, ಕೊನೆಗೆ ಅರ್ಧ ಬೆಲೆಗೆ ಕೊಟ್ಟು ಬರಬೇಕು ಅಲ್ವಾ?

ಮರುದಿನ ಬೆಳಿಗ್ಗೆ ವೆನಿಲ್ಲಾದ ಅಭ್ಯಾಸ ಮತ್ತೆ ಕೈಗೆ ಬಂತು. ಈ ಜಾತಿಯ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಮಿಡಿ ಇರುತ್ತದೆ, ಗಂಡು ಹೂ ಬರೀ ತೊಟ್ಟಿನ ಮೇಲೆ ನಿಂತಿರುತ್ತದೆ. ಪರಾಗ ಅಂಟಂಟು, ಗಾಳಿಗೆ ಹಾರುವಂಥದ್ದಲ್ಲ. ಯಾರಾದರೂ ಹೊತ್ತುಕೊಂಡು ಹೋಗಲೇಬೇಕು. ಗಂಡು ಹೂ ಕಿತ್ತು, ಎಸಳು ಹರಿದು, ಒಂದೊಂದು ಹೆಣ್ಣು ಹೂವಿಗೂ ಮೂರು ನಾಲ್ಕು ಸಲ ಮುಟ್ಟಿಸಿದೆ. ನಲವತ್ತು ಹೂವಿಗೆ ಹೀಗೆ ಮಾಡಿ ಗುರುತಿಗೆ ಬಾಳೆನಾರು ಕಟ್ಟಿದೆ. ವಾರ ಬಿಟ್ಟು ನೋಡಿದರೆ ನಾರು ಕಟ್ಟಿದ ನಲವತ್ತರಲ್ಲಿ ಮೂವತ್ತಕ್ಕೂ ಜಾಸ್ತಿ ನಿಂತಿದ್ದವು, ಸುತ್ತಲಿನವು ಮುಕ್ಕಾಲು ಪಾಲು ಉದುರಿದ್ದವು. ನೀರು ಅದೇ, ಗೊಬ್ಬರ ಅದೇ. ಕಮ್ಮಿಯಾದದ್ದು ಹುಳ.

ಹುಳ ಎಲ್ಲಿ ಹೋಯಿತು? ಇದಕ್ಕೆ ಉತ್ತರ ಬರೆಯುವಾಗ ನನಗೆ ಇವತ್ತಿಗೂ ಬೇಜಾರಾಗುತ್ತದೆ.

ಅಪ್ಪಯ್ಯನ ಕಾಲದಲ್ಲಿ ಮನೆ ಸುತ್ತ ಹನ್ನೆರಡು ತುಡುವೆ ಪೆಟ್ಟಿಗೆ ಇದ್ದವು, ತುಡುವೆ ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡ ಜೇನು. 1991-92ರ ಸುಮಾರಿಗೆ ದಕ್ಷಿಣ ಭಾರತಕ್ಕೆಲ್ಲ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂತು. ವೈರಸ್ ರೋಗ ಅದು. ಮರಿಹುಳ ಕೋಣೆಯೊಳಗೇ ಸತ್ತು ನೀರು ತುಂಬಿದ ಚೀಲದ ಹಾಗಾಗುತ್ತದೆ. ಅಪ್ಪಯ್ಯ ಚಿಮಟದಲ್ಲಿ ಒಂದನ್ನು ಎತ್ತಿ ತೋರಿಸಿದ್ದು ನೆನಪಿದೆ, ತುದಿಯಲ್ಲಿ ಹನಿ ತೂಗುತ್ತಿತ್ತು. ಒಂದು ಮಳೆಗಾಲ ಕಳೆಯುವುದರೊಳಗೆ ಹನ್ನೆರಡೂ ಖಾಲಿ. ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದವರು ಮತ್ತೆ ಇಳಿಸಲಿಲ್ಲ. ಕಾಡಿನಲ್ಲಿ ಉಳಿದ ತುಡುವೆ ನಿಧಾನಕ್ಕೆ ಚೇತರಿಸಿಕೊಂಡಿತು, ಗದ್ದೆಗೆ ಬರುತ್ತಲೂ ಇತ್ತು.

ಅದನ್ನು ಓಡಿಸಿದ್ದು ನಾನು. ಅಲಸಂದೆಗೆ ರಸ ಹೀರುವ ಸಸ್ಯಹೇನು ಹತ್ತಿತ್ತು, ಔಷಧಿ ಅಂಗಡಿಯಲ್ಲಿ ಕೊಟ್ಟದ್ದನ್ನು ತಂದು ಬೆಳಿಗ್ಗೆ ಎಂಟೂವರೆಗೆ ಹೊಡೆದೆ. ಎಂಟೂವರೆ ಅಂದರೆ ಮೊಗೆ ಹೂವಿನ ಮೇಲೆ ಜೇನು ತುಂಬಿರುವ ಹೊತ್ತು. ಆ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಂಜೆ ಗದ್ದೆಯ ಅಂಚಿನಲ್ಲಿ ಜೇನುಹುಳ ಬೆನ್ನಡಿಯಾಗಿ ಬಿದ್ದು ಗಿರಗಿರ ತಿರುಗುತ್ತಿದ್ದವು, ಕಾಲಿಗೆ ಮೆತ್ತಿಕೊಂಡ ಹಳದಿ ಪರಾಗದ ಉಂಡೆ ಹಾಗೇ ಇತ್ತು. ಅದೇ ವರ್ಷ ಕೊಟ್ಟಿಗೆಯ ಮಣ್ಣಿನ ಗೋಡೆಗೆ ಅರ್ಧ ಸಿಮೆಂಟ್ ಗಿಲಾಯಿ ಮಾಡಿಸಿದ್ದೆ. ಆ ಗೋಡೆಯ ಬಿರುಕಿನಲ್ಲಿ ಎಷ್ಟು ಮಿಸರಿ (ಕುಟುಕದ ಸಣ್ಣ ಜೇನು) ಇತ್ತೋ ಎಲ್ಲ ಒಳಗೇ ಮುಚ್ಚಿಹೋಯಿತು.

ಮುಂದಿನ ಹಂಗಾಮಿಗೆ ಮೊದಲು, ಡಿಸೆಂಬರಿನಲ್ಲಿ, ಪರಿಚಯದ ಜೇನು ಕೃಷಿಕರೊಬ್ಬರಿಂದ ಎರಡು ತುಡುವೆ ಕುಟುಂಬ ತಂದೆ. ಪೆಟ್ಟಿಗೆಯನ್ನು ಗದ್ದೆಯ ನಡುವೆ ಇಡಲಿಲ್ಲ, ಅಂಚಿನ ಹಲಸಿನ ಮರದ ನೆರಳಿನಲ್ಲಿ, ಬಾಗಿಲು ಪೂರ್ವಕ್ಕೆ ಮಾಡಿ ಇಟ್ಟೆ. ಬೆಳಗಿನ ಬಿಸಿಲು ಬಿದ್ದರೆ ಹುಳ ಬೇಗ ಹೊರಡುತ್ತದೆ. ಚೀನಿಕಾಯಿ ಹೂ ಬೆಳಕು ಹರಿಯುವ ಮೊದಲೇ ಅರಳಿ ಒಂಬತ್ತು ಹತ್ತಕ್ಕೆಲ್ಲ ಮುಚ್ಚಿಕೊಳ್ಳುತ್ತದೆ, ಆದ್ದರಿಂದ ಬೇಗ ಹೊರಡುವ ಹುಳವೇ ಬೇಕು. ಪೆಟ್ಟಿಗೆಯ ಕಾಲಿಗೆ ಇರುವೆ ಹತ್ತದ ಹಾಗೆ ನೀರಿನ ಬಟ್ಟಲು. ಮಳೆಗಾಲದಲ್ಲಿ ಸಕ್ಕರೆ ಪಾಕ, ಹದಿನೈದು ದಿನಕ್ಕೊಮ್ಮೆ ತಳ ಗುಡಿಸಿ ಮೇಣದ ಹುಳ ನೋಡುವುದು. ಇಷ್ಟು ಬಿಟ್ಟರೆ ದೊಡ್ಡ ಕೆಲಸವೇನಿಲ್ಲ, ಆದರೆ ಇಷ್ಟನ್ನು ತಪ್ಪಿಸಿದರೆ ಪೆಟ್ಟಿಗೆ ಬಿಟ್ಟು ಹೋಗುತ್ತದೆ. ನನ್ನದು ಒಂದು ಕುಟುಂಬ ಮೊದಲ ಆಷಾಢದಲ್ಲೇ ಹೋಯಿತು.

ಮೊಗೆಕಾಯಿ ಹಿಂದಿನ ವರ್ಷ ನಾಲ್ಕು ಕ್ವಿಂಟಲ್ ಆಗಿತ್ತು, ಆ ವರ್ಷ ಏಳು ದಾಟಿತು. ಎಲ್ಲವೂ ಜೇನಿನಿಂದ ಅಂತ ನಾನು ಹೇಳುವುದಿಲ್ಲ, ಔಷಧಿಯನ್ನೂ ಬಿಟ್ಟಿದ್ದೆ, ಹವೆಯೂ ಚೆನ್ನಾಗಿತ್ತು. ಆದರೆ ಸೊಟ್ಟ ಸೌತೆಕಾಯಿ ಹುಡುಕಿದರೂ ಸಿಗದ ಹಾಗಾಯಿತಲ್ಲ, ಅದು ಜೇನಿನದ್ದೇ ಕೆಲಸ. ಜೇನುತುಪ್ಪ ಸಿಕ್ಕಿದ್ದು ಎಂಟು ಕಿಲೋ. ಊರಲ್ಲಿ ಎಲ್ಲರೂ ಕೇಳುವುದು ತುಪ್ಪ ಎಷ್ಟಾಯಿತು ಅಂತ. ನನ್ನ ಲೆಕ್ಕದಲ್ಲಿ ಅದು ಮೇಲು ಸಂಪಾದನೆ, ಅಸಲು ಇರುವುದು ಗದ್ದೆಯಲ್ಲಿ. ಕ್ಯಾಲಿಫೋರ್ನಿಯಾದ ಬಾದಾಮಿ ತೋಟದವರು ಪ್ರತಿ ವರ್ಷ ಹೂವಿನ ಕಾಲಕ್ಕೆ ಲಾರಿಗಟ್ಟಲೆ ಜೇನುಪೆಟ್ಟಿಗೆ ತರಿಸಿ ಬಾಡಿಗೆ ಕೊಡುತ್ತಾರೆ, ತುಪ್ಪಕ್ಕಲ್ಲ, ಬರೀ ಪರಾಗಸ್ಪರ್ಶಕ್ಕೆ. ಪರಾಗ ಹೊರುವ ಜೀವಿಗಳಿಂದ ಜಗತ್ತಿನ ಬೆಳೆಗೆ ವರ್ಷಕ್ಕೆ 235ರಿಂದ 577 ಬಿಲಿಯನ್ ಡಾಲರ್ ಬೆಲೆಯಷ್ಟು ಕೊಡುಗೆ ಇದೆ ಅಂತ 2016ರಲ್ಲಿ ಐಪಿಬಿಇಎಸ್ ಎಂಬ ಅಂತರರಾಷ್ಟ್ರೀಯ ವಿಜ್ಞಾನಿಗಳ ವೇದಿಕೆ ಲೆಕ್ಕ ಕೊಟ್ಟಿತು. ಆ ಸಂಖ್ಯೆ ನನ್ನ ತಲೆಗೆ ಹಿಡಿಯುವುದಿಲ್ಲ. ಆರುನೂರು ಹೂವಿಗೆ ನಾಲ್ಕೂವರೆ ತಾಸು ಅನ್ನುವುದು ಹಿಡಿಯುತ್ತದೆ.

ಒಂದು ಮಾತು ಸ್ಪಷ್ಟ ಹೇಳಬೇಕು. ಜೇನು ಸಾಕಿದರೆ ಅಡಿಕೆ ದುಪ್ಪಟ್ಟು ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಡಿಕೆಗೆ ಮುಖ್ಯವಾಗಿ ಗಾಳಿಯೇ ಸಾಕು. ಸಿಂಗಾರಕ್ಕೆ, ಅಂದರೆ ಅಡಿಕೆಯ ಹೂಗೊಂಚಲಿಗೆ, ಜೇನು ಮುತ್ತಿಕೊಳ್ಳುವುದು ಪರಾಗ ಒಯ್ಯಲಿಕ್ಕೆ, ಅದು ಜೇನಿಗೆ ಆಹಾರ. ಕಾಳುಮೆಣಸಿಗೆ ಮಳೆ ನೀರೇ ಆ ಕೆಲಸ ಮಾಡುತ್ತದೆ. ಆದರೆ ಅದೇ ತೋಟದ ನೆರಳಲ್ಲಿ ಇರುವ ಏಲಕ್ಕಿ ಹಾಗಲ್ಲ. ಏಲಕ್ಕಿ ಹೂವಿನಲ್ಲಿ ಪರಾಗ ಕೆಳಗೆ, ಅದನ್ನು ಹಿಡಿಯುವ ತುದಿ ಸ್ವಲ್ಪ ಮೇಲೆ. ಜೇನು ಒಳಗೆ ನುಗ್ಗಿ ಬೆನ್ನಿಗೆ ಮೆತ್ತಿಕೊಂಡು ಬರದಿದ್ದರೆ ಕಾಯಿ ಕಟ್ಟುವುದು ಬಹಳ ಕಷ್ಟ. ನಮ್ಮ ಮಳೆಗಾಲದಲ್ಲಿ ಮಳೆ ಬಿಟ್ಟು ಹೊಳವಾದ ಒಂದೆರಡು ತಾಸಿನಲ್ಲೇ ಆ ಕೆಲಸ ಮುಗಿಯಬೇಕು, ಹಾಗಾಗಿ ಪೆಟ್ಟಿಗೆ ತೋಟದ ಹತ್ತಿರವೇ ಇದ್ದರೆ ಒಳ್ಳೆಯದು.

ಜೇನು ಅಂತ ಶುರುವಾದವನಿಗೆ ಆಮೇಲೆ ಬೇರೆ ಹುಳಗಳೂ ಕಾಣತೊಡಗಿದವು. ಬದನೆ ಹೂವನ್ನು ಒಮ್ಮೆ ಹತ್ತಿರದಿಂದ ನೋಡಿ. ಅದರ ಪರಾಗ ಕೇಸರದ ಒಳಗೆ, ತುದಿಯಲ್ಲಿ ಸೂಜಿ ಚುಚ್ಚಿದಷ್ಟು ತೂತು. ತುಡುವೆ ಜೇನಿಗೆ ಅದನ್ನು ಇಳಿಸಲಿಕ್ಕೆ ಬರುವುದಿಲ್ಲ. ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂದು ಗಿಡ್ಡ ಜೇನು ಬರುತ್ತದೆ, ಹೂವಿಗೆ ತಲೆಕೆಳಗಾಗಿ ಜೋತು ಬಿದ್ದು ಝೇಂ ಅಂತ ಮೈ ನಡುಗಿಸುತ್ತದೆ, ಆಗ ಪರಾಗ ವಿಭೂತಿ ಉದುರಿದ ಹಾಗೆ ಅದರ ಹೊಟ್ಟೆಗೆ ಉದುರುತ್ತದೆ. ಸದ್ದು ನಿಂತು ಮತ್ತೆ ಶುರುವಾದರೆ ಪಕ್ಕದ ಹೂವಿಗೆ ಹೋಯಿತು ಅಂತ. ಇದನ್ನು ಪೆಟ್ಟಿಗೆಯಲ್ಲಿ ಸಾಕಲಿಕ್ಕಾಗುವುದಿಲ್ಲ. ಇದು ಮಣ್ಣಿನಲ್ಲಿ, ಮಣ್ಣಿನ ಗೋಡೆಯಲ್ಲಿ ತೂತು ಮಾಡಿಕೊಂಡು ಇರುತ್ತದೆ. ಕೊಟ್ಟಿಗೆಯ ಉಳಿದರ್ಧ ಗೋಡೆಗೆ ಗಿಲಾಯಿ ಮಾಡಿಸಲು ತಂದಿದ್ದ ಸಿಮೆಂಟ್ ಚೀಲವನ್ನು ಬೇರೆ ಕೆಲಸಕ್ಕೆ ಬಳಸಿದೆ. ಆ ಗೋಡೆ ಹಾಗೇ ಇದೆ. ಮಿಸರಿಯೂ ಬಂದಿದೆ, ಬಿರುಕಿನಿಂದ ಬೆರಳು ದಪ್ಪದ ಅಂಟಿನ ನಳಿಗೆ ಹೊರಗೆ ಚಾಚಿಕೊಂಡಿದೆ.

ಪಡವಲ ಹೂವಿಗೆ ಯಾರು ಬರುತ್ತಾರೆ ಅಂತ ಮಗಳು ಕೇಳಿದಳು, ಬೆಳಿಗ್ಗೆ ನೋಡಿದರೆ ಹೂ ಮುದುಡಿರುತ್ತದೆ. ರಾತ್ರಿ ಎಂಟರ ಹೊತ್ತಿಗೆ ಇಬ್ಬರೂ ಬ್ಯಾಟರಿ ಹಿಡಿದು ಚಪ್ಪರದ ಕೆಳಗೆ ಕೂತೆವು. ನೂಲಿನಂಥ ಬಿಳಿ ಎಸಳು ಬಿಡಿಸಿಕೊಂಡು ಹೂವೆಲ್ಲ ಅರಳಿತ್ತು. ಅರ್ಧ ತಾಸು ಏನೂ ಇಲ್ಲ. ಆಮೇಲೆ ಒಂದು ದೊಡ್ಡ ಪತಂಗ ಬಂತು, ಹೂವಿನ ಮೇಲೆ ಕೂರಲೇ ಇಲ್ಲ, ಗಾಳಿಯಲ್ಲೇ ನಿಂತು ಉದ್ದದ ಸೊಂಡಿಲು ಒಳಗಿಳಿಸಿತು. ಮಗಳು ನನ್ನ ಕೈ ಗಟ್ಟಿ ಹಿಡಿದುಕೊಂಡಳು. ಅವತ್ತಿನಿಂದ ಅಂಗಳದ ದೀಪ ಊಟ ಆದ ಮೇಲೆ ಆರಿಸುತ್ತೇವೆ.

ಔಷಧಿ ಪೂರ್ತಿ ಬಿಟ್ಟೆ ಅಂತ ಹೇಳಲಾರೆ. ತೀರಾ ಬೇಕಾದರೆ ಹೂ ಬಿಡುವ ಮೊದಲೇ ಹೊಡೆಯುತ್ತೇನೆ, ಇಲ್ಲವಾದರೆ ಸೂರ್ಯ ಮುಳುಗಿ ಹುಳ ಗೂಡು ಸೇರಿದ ಮೇಲೆ. ಹೊಡೆಯುವ ಹಿಂದಿನ ಸಂಜೆ ಪಕ್ಕದ ಗದ್ದೆಯವರಿಗೆ ಹೇಳುತ್ತೇನೆ, ಅವರೂ ಈಗ ನನಗೆ ಹೇಳುತ್ತಾರೆ. ತುಡುವೆ ಒಂದು ಕಿಲೋಮೀಟರ್ ಸುತ್ತ ಮೇಯುವ ಹುಳ, ನನ್ನ ಬೇಲಿ ಅದಕ್ಕೆ ಗೊತ್ತಿಲ್ಲ. ಬ್ಯಾಣದ (ಹುಲ್ಲುಗಾವಲಿನ) ಅಂಚಿನ ಮುಟ್ಟಿದರೆ ಮುನಿಯನ್ನು ಈಗ ಪೂರ್ತಿ ಸವರಿಸುವುದಿಲ್ಲ, ಮಳೆಗಾಲದಲ್ಲಿ ಜೇನಿಗೆ ಪರಾಗ ಸಿಗುವುದೇ ಅದರಿಂದ. ನೇರಳೆ, ಮತ್ತಿ, ಅಂಟುವಾಳ ಇರುವ ಬೆಟ್ಟ ಇದ್ದರೆ ಉಳಿದ ಕಾಲಕ್ಕೆ ಚಿಂತೆ ಇಲ್ಲ.

ಅಂಕೋಲೆಯ ಭಾವನಿಗೆ ಗೇರು ಮತ್ತು ನಾಲ್ಕು ಇಶಾಡು ಮಾವಿನ ಮರ ಇದೆ. ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಮೇಲೆ ಆ ಮರಗಳ ಮೇಲೆ ಅವನಿಗೆ ಪ್ರೀತಿ ಜಾಸ್ತಿಯಾಗಿದೆ. "ಹೂ ಬಿಟ್ಟಾಗ ನೊಣ ಕೂರುತ್ತೆ ಭಾವ, ಏನು ಹೊಡೀಲಿ?" ಅಂತ ಫೋನ್ ಮಾಡಿದ. ಏನೂ ಹೊಡೆಯಬೇಡ ಅಂದೆ. ಮಾವಿನ ಹೂವಿನ ಪರಾಗ ಹೊರುವುದರಲ್ಲಿ ನೊಣದ್ದೇ ದೊಡ್ಡ ಪಾಲು. ಗೇರಿಗೂ ಹುಳ ಬೇಕು, ಅಲ್ಲಿ ಟೀ ಸೊಳ್ಳೆ ಎಂಬ ರಸ ಹೀರುವ ತಿಗಣೆಗೆ ಔಷಧಿ ಹೊಡೆಯುವವರು ಹೂ ಬಿರಿದ ಮೇಲೆ ಹೊಡೆಯದಿದ್ದರೆ ಸಾಕು. ಈ ಡಿಸೆಂಬರಿಗೆ ಅವನಿಗೆ ಒಂದು ಪೆಟ್ಟಿಗೆ ಕೊಡುತ್ತೇನೆ ಅಂತ ಹೇಳಿದ್ದೇನೆ. ಕತ್ತಲಾಗಿ ಹುಳವೆಲ್ಲ ಒಳಗೆ ಬಂದ ಮೇಲೆ ಬಾಗಿಲಿಗೆ ಗಾಳಿಯಾಡುವ ಬಲೆ ಬಡಿದು, ದೇವಿಮನೆ ಘಟ್ಟ ಇಳಿದು, ಬೆಳಗಾಗುವುದರೊಳಗೆ ಅವನ ಗೇರಿನ ಹಕ್ಕಲಿನಲ್ಲಿ ಇಟ್ಟು ಬಾಗಿಲು ತೆಗೆಯಬೇಕು.